ಮರೆವಿಗೆ ಅಣಬೆ ಮದ್ದೇ? ಸಾರಿಗೆ ಹಾಕಿ, ಸಾಲ ಮಾಡಬೇಡಿ



ಈಚಿನ ಕೆಲವು ವರ್ಷಗಳಿಂದ ಜಾತ್ರೆ, ಕೃಷಿಮೇಳ, ಪೇಟೆಯ ಅಂಗಡಿಗಳಲ್ಲಿ ಒಂದು ಹೊಸ ಸರಕು ಕಾಣಿಸಿಕೊಂಡಿದೆ. ಬಿಳಿಯ ಗಡ್ಡದಂತೆ ಎಳೆ ಎಳೆಯಾಗಿ ಜೋತುಬಿದ್ದ ಅಣಬೆಯ ಚಿತ್ರವುಳ್ಳ ಡಬ್ಬಿ. ಒಳಗೆ ಪುಡಿ ಇಲ್ಲವೆ ಗುಳಿಗೆ. ಮರೆವು ನಿಲ್ಲುತ್ತದೆ, ನರ ಚಿಗುರುತ್ತದೆ, ಕೈನಡುಕ ಹೋಗುತ್ತದೆ ಎಂದು ಮಾರುವವರು ಹೇಳುತ್ತಾರೆ. ಮೊಬೈಲಿನಲ್ಲಿಯೂ ಇದೇ ಪ್ರಚಾರ. ಅದರ ಬೆನ್ನಿಗೇ ಇನ್ನೊಬ್ಬರು ಬಂದು, ‘ಈ ಅಣಬೆಯನ್ನು ನೀವೇ ಬೆಳೆಯಿರಿ. ಬೀಜ ತುಂಬಿದ ಚೀಲ ನಾವು ಕೊಡುತ್ತೇವೆ, ಬೆಳೆದದ್ದನ್ನೆಲ್ಲ ನಾವೇ ಕೊಳ್ಳುತ್ತೇವೆ’ ಎನ್ನುತ್ತಾರೆ.

ರೈತ ಸಂಪರ್ಕ ಕೇಂದ್ರಕ್ಕೆ ಬರುವವರು ಯೂರಿಯಾ ಬಂತೇ ಎಂದು ವಿಚಾರಿಸಿದ ಮೇಲೆ ಈಗ ಈ ಅಣಬೆಯ ಮಾತನ್ನೂ ಎತ್ತುವುದುಂಟು. ಒಬ್ಬರಿಗೆ ಮನೆಯ ಹಿರಿಯರ ಮರೆವಿನ ಚಿಂತೆ. ಮತ್ತೊಬ್ಬರಿಗೆ ಉಪಕಸುಬೊಂದರ ಆಸೆ. ಇಬ್ಬರಿಗೂ ನಾನು ಹೇಳುವುದು ಒಂದೇ: ಅಣಬೆಯನ್ನು ಆಹಾರವೆಂದು ಬೆಳೆಯಿರಿ, ಆಹಾರವೆಂದು ತಿನ್ನಿ. ಮದ್ದೆಂದು ಅದಕ್ಕೆ ಹಣ ಸುರಿಯುವ ಕಾಲ ಇನ್ನೂ ಬಂದಿಲ್ಲ. ಹೀಗೇಕೆ ಹೇಳುತ್ತೇನೆಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ. ಈ ವಿಷಯದಲ್ಲಿ ಎಲ್ಲವೂ ಸುಳ್ಳಲ್ಲ. ಮಾರುವವರು ಹೇಳುವಷ್ಟು ನಿಜವೂ ಇಲ್ಲ.

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯಿಂದ ನಮಗೆ ಒಂದು ಕೆಡುಕಾಗಿದೆ. ವಯಸ್ಸಾದ ಮೇಲೆ ಬುದ್ಧಿ ಮಂಕಾಗುವುದು ಸಹಜವೆಂದು ಸುಮ್ಮನಿದ್ದುಬಿಡುತ್ತೇವೆ. ಕುಡುಗೋಲು ಎಲ್ಲಿಟ್ಟೆನೆಂದು ಹುಡುಕುವುದು ಎಲ್ಲರಿಗೂ ಇದ್ದದ್ದೇ. ಆದರೆ ನಲವತ್ತು ವರ್ಷ ಉತ್ತ ಹೊಲದ ದಾರಿಯೇ ತಪ್ಪುವುದು, ಉಂಡು ಎದ್ದವರು ಮತ್ತೆ ಎಲೆ ಹಾಕಿರೆನ್ನುವುದು, ಹೆತ್ತ ಮಗನನ್ನು ನೋಡಿ ಯಾರಪ್ಪಾ ನೀನು ಎನ್ನುವುದು ಸಹಜವಲ್ಲ, ಕಾಯಿಲೆ. ಮಿದುಳಿನ ನರಕೋಶಗಳು ಹಂತ ಹಂತವಾಗಿ ಸಾಯುತ್ತ ಬಂದು ಹೀಗಾಗುತ್ತದೆ. ಇಂಥವುಗಳಲ್ಲಿ ಆಲ್‌ಜೈಮರ್ ಎಂಬುದು ಹೆಚ್ಚು. ಕೈಕಾಲು ನಡುಗಿ ನಡಿಗೆ ಬಿಗಿಯಾಗುವ ಪಾರ್ಕಿನ್ಸನ್, ಅಂದರೆ ಕಂಪವಾತವೂ ಇದೇ ಬಳಗದ್ದು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು, 60 ವರ್ಷ ದಾಟಿದ ಭಾರತೀಯರಲ್ಲಿ ನೂರಕ್ಕೆ 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ ಮರೆಗುಳಿ ರೋಗವಿದೆಯೆಂದು ಅಂದಾಜು ಮಾಡಿತು. ಪೇಟೆಗಿಂತ ಹಳ್ಳಿಗಳಲ್ಲಿಯೇ ಇದು ಹೆಚ್ಚು. ಆಲ್‌ಜೈಮರ್ ಆಗಲಿ ಕಂಪವಾತವಾಗಲಿ ಪೂರ್ತಿ ಗುಣವಾಗುವ ಔಷಧ ಇನ್ನೂ ಸಿಕ್ಕಿಲ್ಲ. ಗುಣವಾಗದ ಕಾಯಿಲೆ ಎಲ್ಲಿದೆಯೋ ಅಲ್ಲಿ ಡಬ್ಬಿ ಮಾರುವವರಿಗೆ ಸುಗ್ಗಿ.

ಈಗ ಆ ಗಡ್ಡದ ಅಣಬೆಯ ವಿಚಾರ. ಶಾಸ್ತ್ರೀಯ ಹೆಸರು ಹೆರಿಸಿಯಮ್ ಎರಿನೇಸಿಯಸ್. ಇಂಗ್ಲಿಷಿನವರು ಲಯನ್ಸ್ ಮೇನ್, ಎಂದರೆ ಸಿಂಹದ ಕೇಸರ ಎನ್ನುತ್ತಾರೆ. ಚೀನೀಯರಿಗೆ ಇದು ಕೋತಿತಲೆಯ ಅಣಬೆ. ಜಪಾನಿನವರು ಯಮಬುಶಿತಾಕೆ ಎಂದು ಬೆಟ್ಟದ ಸನ್ಯಾಸಿಗಳ ಹೆಸರನ್ನಿಟ್ಟಿದ್ದಾರೆ. ಆ ನಾಡುಗಳಲ್ಲಿ ಇದನ್ನು ಹಿಂದಿನಿಂದಲೂ ಅಡುಗೆಗೆ ಬಳಸುತ್ತಾರೆ.

ನರಕೋಶಗಳು ಬೆಳೆದು ಬದುಕಿ ಉಳಿಯಲು ನಮ್ಮ ದೇಹದಲ್ಲಿಯೇ ಒಂದು ಪ್ರೋಟೀನು ತಯಾರಾಗುತ್ತದೆ. ಬೆಳೆಗೆ ಗೊಬ್ಬರವಿದ್ದಂತೆ ಎಂದುಕೊಳ್ಳಿ. ಇದನ್ನು ಕಂಡುಹಿಡಿದ ಕೆಲಸಕ್ಕಾಗಿ ರೀಟಾ ಲೆವಿ ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೊಹೆನ್ ಎಂಬಿಬ್ಬರಿಗೆ 1986ರಲ್ಲಿ ನೊಬೆಲ್ ಬಹುಮಾನ ಬಂತು. ಈ ಗೊಬ್ಬರವನ್ನೇ ಚುಚ್ಚುಮದ್ದಾಗಿ ಕೊಡೋಣವೆಂದರೆ, ರಕ್ತದಿಂದ ಮಿದುಳಿನೊಳಕ್ಕೆ ಅದನ್ನು ಬಿಡದ ಬೇಲಿಯೊಂದು ಅಡ್ಡವಿದೆ. ಆದ್ದರಿಂದ, ಮಿದುಳಿನಲ್ಲಿಯೇ ಅದು ಹೆಚ್ಚು ತಯಾರಾಗುವಂತೆ ಪ್ರೇರೇಪಿಸುವ ಪದಾರ್ಥ ಎಲ್ಲಾದರೂ ಸಿಕ್ಕೀತೇ ಎಂದು ವಿಜ್ಞಾನಿಗಳು ಹುಡುಕಿದರು. ಜಪಾನಿನ ಹಿರೋಕಾಜು ಕವಾಗಿಶಿಯವರ ತಂಡ 1990ರ ದಶಕದ ಮೊದಲಲ್ಲಿ ಈ ಅಣಬೆಯ ಕೊಡೆಯಿಂದ ಹೆರಿಸಿನೋನ್ ಎಂಬುದನ್ನೂ, ಬೇರಿನಂಥ ಅದರ ಬಿಳಿ ಎಳೆಗಳಿಂದ ಎರಿನಾಸಿನ್ ಎಂಬುದನ್ನೂ ಬೇರ್ಪಡಿಸಿತು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಿಗೆ ಇವನ್ನು ಸೋಕಿಸಿದಾಗ ಆ ಪ್ರೋಟೀನು ಹೆಚ್ಚು ತಯಾರಾಯಿತು. ಇಷ್ಟರ ಮಟ್ಟಿಗೆ ಇದು ಗಟ್ಟಿ ವಿಜ್ಞಾನ. ಅಂದಹಾಗೆ, ಮೊದಲ ಮಳೆಗೆ ನಮ್ಮ ಹೊಲದ ಹುತ್ತಗಳ ಮೇಲೆ ಏಳುವ ಅಣಬೆಯ ಚೀನೀ ದಾಯಾದಿಯೊಂದರಿಂದಲೂ, ತಟ್ಟೆಯೊಳಗಿನ ನರಕೋಶಗಳಲ್ಲಿ ಎಳೆ ಹೊರಡಿಸುವ ಪದಾರ್ಥಗಳು ಸಿಕ್ಕಿವೆ. ಆದರೆ ಹುತ್ತದ ಅಣಬೆ ಗೆದ್ದಲಿನ ಗೂಡಿಲ್ಲದೆ ಬಾರದು. ಅದನ್ನು ಚೀಲದಲ್ಲಿ ಬೆಳೆಸುತ್ತೇನೆಂದು ಯಾರಾದರೂ ಬೀಜ ಮಾರಲು ಬಂದರೆ ಒಂದು ಲೋಟ ನೀರು ಕೊಟ್ಟು ಕಳುಹಿಸಿ.

ಕುಂಡದಲ್ಲಿ ಬಂದ ಇಳುವರಿ ಹೊಲದಲ್ಲಿಯೂ ಬರುತ್ತದೆಂದು ನೀವು ಒಪ್ಪುವುದಿಲ್ಲ. ಸಂಶೋಧನಾ ಕೇಂದ್ರದ ತಾಕಿನಲ್ಲಿ ಎಕರೆಗೆ ಮೂವತ್ತು ಕ್ವಿಂಟಲ್ ಬಂತೆಂದು ನಾವು ಹೇಳಿದರೆ, ‘ನಮ್ಮೂರ ಮಣ್ಣಿನಲ್ಲಿ ಬೆಳೆದು ತೋರಿಸಿ ಸ್ವಾಮಿ’ ಎನ್ನುತ್ತೀರಿ. ಈ ಡಬ್ಬಿಯ ವಿಷಯದಲ್ಲಿಯೂ ಅದೇ ಪ್ರಶ್ನೆ ಕೇಳಬೇಕು. ಮನುಷ್ಯರ ಮೇಲೆ ಏನು ಪರೀಕ್ಷೆ ನಡೆದಿದೆ?

ನಡೆದಿವೆ, ಆದರೆ ತೀರ ಸಣ್ಣವು. ಜಪಾನಿನಲ್ಲಿ, ನೆನಪು ತುಸು ಕುಂದಿದ್ದ 50ರಿಂದ 80 ವರ್ಷದ 30 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಈ ಅಣಬೆಯ ಪುಡಿಯ ಗುಳಿಗೆ, ದಿನಕ್ಕೆ ಸುಮಾರು 3 ಗ್ರಾಂ. ಇನ್ನೊಂದಕ್ಕೆ ನೋಡಲು ಅದೇ ರೀತಿಯ ಬರೀ ಗುಳಿಗೆ. 16 ವಾರ ಹೀಗೆ ಕೊಟ್ಟಾಗ ಅಣಬೆ ತಿಂದವರು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು. ಈ ಫಲಿತಾಂಶ ಹೊರಬಿದ್ದದ್ದು 2009ರಲ್ಲಿ. ಜಾಹೀರಾತುಗಳಲ್ಲಿ ಇಷ್ಟೇ ಇರುತ್ತದೆ. ಅವರು ಹೇಳದಿರುವುದು ಮುಂದಿನ ಸಾಲು: ಗುಳಿಗೆ ನಿಲ್ಲಿಸಿದ ನಾಲ್ಕೇ ವಾರಗಳಲ್ಲಿ ಅಂಕ ಮತ್ತೆ ಇಳಿಯಿತು. ಎಂದರೆ, ಗುಣವಿದ್ದರೂ ಅದು ನಿಲ್ಲುವ ಗುಣವಲ್ಲ. 2020ರಲ್ಲಿ ತೈವಾನಿನಿಂದ ಇನ್ನೊಂದು ವರದಿ ಬಂತು. ಆಲ್‌ಜೈಮರಿನ ಆರಂಭದಲ್ಲಿದ್ದವರಿಗೆ ಎರಿನಾಸಿನ್ ಹೆಚ್ಚಾಗಿರುವಂತೆ ಬೆಳೆಸಿದ ಎಳೆಗಳ ಗುಳಿಗೆಯನ್ನು 49 ವಾರ ಕೊಟ್ಟಿದ್ದರು. ದಿನನಿತ್ಯದ ಕೆಲಸಗಳಲ್ಲಿ ತುಸು ಅನುಕೂಲ ಕಂಡಿತು. ಕೆಲವರು ಹೊಟ್ಟೆಯ ತೊಂದರೆ, ಚರ್ಮದ ಗಂಧೆಗಳಿಂದ ಅರ್ಧದಲ್ಲಿಯೇ ಬಿಟ್ಟರು. ಇಷ್ಟು ಕೆಲವೇ ಜನರ ಮೇಲಿನ ಪರೀಕ್ಷೆಯನ್ನು ನಂಬಿ ನಾವು ಒಂದು ಭತ್ತದ ತಳಿಯನ್ನೂ ಬಿಡುಗಡೆ ಮಾಡುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಕೊಡೆಯಲ್ಲಿರುವುದು ಒಂದು, ಎಳೆಗಳಲ್ಲಿರುವುದು ಇನ್ನೊಂದು ಎಂದೆನಷ್ಟೆ. ಮಾರುಕಟ್ಟೆಯ ಎಷ್ಟೋ ಪುಡಿಗಳು ಕಾಳಿನ ಮೇಲೆ ಎಳೆ ಹಬ್ಬಿಸಿ, ಕಾಳುಸಮೇತ ಒಣಗಿಸಿ ಬೀಸಿದವು. ಅದರಲ್ಲಿ ಅಣಬೆಯೆಷ್ಟು, ಹಿಟ್ಟೆಷ್ಟು? ಡಬ್ಬಿಯ ಮೇಲೆ ಬರೆದಿರುವುದು ಅಪರೂಪ. ಚೀಲದ ಮೇಲೆ ಸಾರಜನಕದ ಪ್ರಮಾಣ ನಮೂದಿಸದ ಗೊಬ್ಬರವನ್ನು ನೀವು ಕೊಳ್ಳುತ್ತೀರಾ?

ಡಬ್ಬಿಯನ್ನು ಬದಿಗಿಟ್ಟು ಅಡುಗೆಮನೆಯ ಅಣಬೆಗೆ ಬಂದರೆ ಚಿತ್ರ ಸ್ವಲ್ಪ ಬೇರೆ. ಸಿಂಗಪುರದಲ್ಲಿ 60 ದಾಟಿದ 663 ಜನರನ್ನು ಪರೀಕ್ಷಿಸಿ 2019ರಲ್ಲಿ ವರದಿ ಪ್ರಕಟಿಸಿದರು. ವಾರಕ್ಕೆ ಎರಡು ಬಟ್ಟಲಿಗಿಂತ ಹೆಚ್ಚು, ಎಂದರೆ ಸುಮಾರು 300 ಗ್ರಾಮಿಗೂ ಮಿಗಿಲಾಗಿ ಬೇಯಿಸಿದ ಅಣಬೆ ತಿನ್ನುವವರಲ್ಲಿ ನೆನಪಿನ ಕೊರತೆ ಸರಿಸುಮಾರು ಅರ್ಧದಷ್ಟಿತ್ತು. ಅವರು ತಿಂದದ್ದು ದುಬಾರಿಯ ಗಡ್ಡದ ಅಣಬೆಯನ್ನಲ್ಲ. ಚಿಪ್ಪಣಬೆ, ಗುಂಡಿ ಅಣಬೆಯಂಥ ಸಾಧಾರಣ ಅಣಬೆಗಳನ್ನು. ಜಪಾನಿನ ಓಸಾಕಿ ಪ್ರದೇಶದಲ್ಲಿ 65 ದಾಟಿದ 13,230 ಜನರನ್ನು ಐದೂವರೆ ವರ್ಷಕ್ಕೂ ಹೆಚ್ಚು ಕಾಲ ಗಮನಿಸಿ 2017ರಲ್ಲಿ ಹೇಳಿದ್ದು ಇದನ್ನೇ ಹೋಲುತ್ತದೆ. ವಾರಕ್ಕೆ ಮೂರು ಸಲವೋ ಹೆಚ್ಚೋ ಅಣಬೆ ತಿನ್ನುವವರಲ್ಲಿ ಮರೆಗುಳಿ ರೋಗ ನೂರಕ್ಕೆ 19ರಷ್ಟು ಕಡಿಮೆ.

ಇದರಿಂದ ಅಣಬೆಯೇ ಕಾಪಾಡಿತೆಂದು ಹೇಳಿಬಿಡಲಾಗದು. ಟ್ರ್ಯಾಕ್ಟರ್ ಇರುವವನ ಹೊಲದಲ್ಲಿ ಇಳುವರಿ ಹೆಚ್ಚೆಂದರೆ ಅದು ಟ್ರ್ಯಾಕ್ಟರಿನಿಂದಲೇ ಬಂದದ್ದೇ? ಅವನಿಗೆ ಕೊಳವೆಬಾವಿ ಇರಬಹುದು, ಕಾಲಕ್ಕೆ ಸರಿಯಾಗಿ ಗೊಬ್ಬರ ತರಲು ಕೈಯಲ್ಲಿ ಹಣವಿರಬಹುದು. ಅಣಬೆ ತಿನ್ನುವವರು ಸೊಪ್ಪು ತರಕಾರಿಯನ್ನೂ ಹೆಚ್ಚು ತಿನ್ನುವವರಿರಬಹುದು. ಇಂಥ ವ್ಯತ್ಯಾಸಗಳನ್ನು ಲೆಕ್ಕದಲ್ಲಿ ಕಳೆಯಲು ಅವರು ಪ್ರಯತ್ನಿಸಿದ್ದಾರೆ, ನಿಜ. ಆದರೂ ನನ್ನ ಮಟ್ಟಿಗೆ ಇದು ಒಂದು ಒಳ್ಳೆಯ ಸೂಚನೆ, ತೀರ್ಪಲ್ಲ. ಸೂಚನೆಯನ್ನು ಅನುಸರಿಸಿ ವಾರಕ್ಕೆರಡು ಸಲ ಅಣಬೆ ಸಾರು ಮಾಡಿದರೆ ನಷ್ಟವೇನೂ ಇಲ್ಲ. ಗುಳಿಗೆಗೆ ಕರು ಮಾರಿದರೆ ನಷ್ಟವಿದೆ.

ಅಣಬೆಯಲ್ಲಿ ಅಂಥದ್ದೇನಿದೆ ಎಂದು ಕೇಳಿದರೆ, ಎರ್ಗೋಥಯೋನೀನ್ ಎಂಬ ಪದಾರ್ಥದ ಕಡೆ ಈಗ ಬೆರಳು ತೋರಿಸುತ್ತಾರೆ. ಇದರ ಕಥೆ ನಮ್ಮ ಹೊಲಕ್ಕೆ ಹತ್ತಿರದ್ದು. ಸಜ್ಜೆಯ ತೆನೆಯಲ್ಲಿ ಜೇನಿನಂಥ ಅಂಟು ಒಸರಿಸಿ, ಕಾಳಿನ ಬದಲು ಕಪ್ಪು ಗಂಟು ಕಟ್ಟಿಸುವ ಎರ್ಗಾಟ್ ರೋಗವನ್ನು ನೀವು ಬಲ್ಲಿರಿ. ಅಂಥದೇ ಶಿಲೀಂಧ್ರದಲ್ಲಿ ಫ್ರಾನ್ಸಿನ ವಿಜ್ಞಾನಿಯೊಬ್ಬರು 1909ರಲ್ಲಿ ಇದನ್ನು ಕಂಡರು. ಹೆಸರು ಬಂದದ್ದು ಅಲ್ಲಿಂದ. (ಎರ್ಗಾಟ್ ಗಂಟು ವಿಷ, ಅದನ್ನು ಕಾಳಿನಿಂದ ಆರಿಸಿ ಎಸೆಯಲೇಬೇಕು.) ನಮ್ಮ ದೇಹ ಎರ್ಗೋಥಯೋನೀನನ್ನು ತಾನಾಗಿ ತಯಾರಿಸಲಾರದು. ಆದರೂ ಅದನ್ನು ಒಳಕ್ಕೆ ಎಳೆದುಕೊಳ್ಳಲೆಂದೇ ಜೀವಕೋಶಗಳಲ್ಲಿ ಒಂದು ಬಾಗಿಲಿದೆ. ಅದು ಗೊತ್ತಾದದ್ದು 2005ರಲ್ಲಿ. ಬೇಡದ ವಸ್ತುವಿಗೆ ದೇಹ ಬಾಗಿಲು ಇಡುವುದಿಲ್ಲವೆಂಬುದು ಶಾಸ್ತ್ರಜ್ಞರ ತರ್ಕ. ನೆನಪು ಕುಂದಿದವರ ರಕ್ತದಲ್ಲಿ ಇದು ಕಡಿಮೆಯಿರುವುದೂ ಕಂಡುಬಂದಿದೆ. ಗುಂಡಿ ಅಣಬೆಗಿಂತ ಚಿಪ್ಪಣಬೆಯಲ್ಲಿ ಇದು ಹಲವು ಪಟ್ಟು ಹೆಚ್ಚು. ಬೇಯಿಸಿದರೂ ಹಾಳಾಗುವುದಿಲ್ಲ.

ಇನ್ನೂ ಒಂದು ಮಾತು ಉಳುವವರು ಕೇಳಬೇಕಾದದ್ದು. ಮಣ್ಣಿನೊಳಗಿನ ಶಿಲೀಂಧ್ರಗಳಿಂದ ಈ ಪದಾರ್ಥ ಬೆಳೆಗೂ ಸ್ವಲ್ಪ ಬರುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಉಳದೆ ಬಿತ್ತಿದ ಹೊಲಕ್ಕಿಂತ ಮಣ್ಣು ಮಗುಚುವಂತೆ ಆಳವಾಗಿ ಉತ್ತ ಹೊಲದ ಮೆಕ್ಕೆಜೋಳ, ಸೋಯಾ, ಓಟ್ಸ್ ಕಾಳುಗಳಲ್ಲಿ ಇದು ಸುಮಾರು ಮೂರರಲ್ಲೊಂದು ಭಾಗ ಕಡಿಮೆಯಾಗಿತ್ತು. ಎಡೆಬಿಡದೆ ರೋಟವೇಟರ್ ಹೊಡೆಯುವವರು ಇದನ್ನು ಯೋಚಿಸಬಹುದು.

ಸಿಂಹದ ಕೇಸರದ ಜೊತೆಗೆ ಮಾರಾಟವಾಗುವ ಮತ್ತೊಂದು ಹೆಸರು ಗ್ಯಾನೋಡರ್ಮಾ. ಹೊಳಪಿನ ಕೆಂಪು ಅಣಬೆ. ಚೀನಾದಲ್ಲಿ ಅಮರತ್ವದ ಅಣಬೆಯೆಂಬ ಹೆಸರು. ತೆಂಗು, ಅಡಿಕೆ ಬೆಳೆಯುವವರು ಈ ಕುಲವನ್ನು ಬೇರೆ ಹೆಸರಿನಿಂದ ಬಲ್ಲರು: ಅಣಬೆ ರೋಗ. ಬುಡದಲ್ಲಿ ಕಂದುಬಣ್ಣದ ರಸ ಸೋರಿ, ಗರಿ ಜೋತು, ಕೊನೆಗೆ ಮರದ ಕಾಲಬಳಿ ಮೊರದಂತೆ ಚಾಚಿಕೊಳ್ಳುವ ಅಣಬೆ ಇದರದೇ ಬಳಗ. ಒಬ್ಬರ ಮರ ಕೊಲ್ಲುವುದು ಇನ್ನೊಬ್ಬರ ಡಬ್ಬಿಯಲ್ಲಿ ಸಂಜೀವಿನಿ! ಇದನ್ನು ಓದಿ ಸತ್ತ ತೆಂಗಿನ ಬುಡದಿಂದ ಕಿತ್ತು ಕಷಾಯ ಮಾಡಬೇಡಿ. ಅದೇ ಜಾತಿಯೆಂದು ಕಣ್ಣಿನಿಂದ ಹೇಳಲಾಗದು, ತೋಟಕ್ಕೆ ಹಾಕಿದ ಔಷಧವೂ ಅದರಲ್ಲಿರಬಹುದು. ಆಲ್‌ಜೈಮರ್ ರೋಗಿಗಳ ಮೇಲೆ ಇದರ ಬೀಜಕಣದ ಪುಡಿಯನ್ನು ಚೀನಾದಲ್ಲಿ ಪ್ರಯೋಗಿಸಿ 2018ರಲ್ಲಿ ಹೇಳಿಕೊಳ್ಳುವಂಥ ಗುಣವೇನೂ ಕಾಣಲಿಲ್ಲವೆಂದು ವರದಿ ಮಾಡಿದ್ದಾರೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಂತೂ ವೈದ್ಯರನ್ನು ಕೇಳದೆ ಇದನ್ನು ಮುಟ್ಟಕೂಡದು.

ಕಾಡಣಬೆಯ ಬಗೆಗೆ ಎರಡು ಮಾತು ಕಟುವಾಗಿಯೇ ಹೇಳುತ್ತೇನೆ. ಅಣಬೆ ಮಿದುಳಿಗೆ ಒಳ್ಳೆಯದೆಂದು ಕೇಳಿ, ಗುರುತಿಲ್ಲದ್ದನ್ನು ಹೆಕ್ಕಿ ತಂದೀರಿ ಜೋಕೆ. ಅಮಾನಿಟಾ ಕುಲದ ಕೆಲವು ಅಣಬೆಗಳ ವಿಷ ಕುದಿಸಿದರೂ ಹೋಗುವುದಿಲ್ಲ. ತಿಂದ ಆರೆಂಟು ಗಂಟೆಗಳ ತನಕ ಏನೂ ತಿಳಿಯದು. ಆಮೇಲೆ ವಾಂತಿಭೇದಿ, ಮರುದಿನ ಹುಷಾರಾದಂತೆ ಕಂಡು, ಒಳಗೆ ಈಲಿ ಕೊಳೆಯುತ್ತಿರುತ್ತದೆ. ಬೆಳ್ಳಿ ಚಮಚ ಕಪ್ಪಾಗುವುದು, ಹುಳು ತಿಂದಿದ್ದರೆ ಒಳ್ಳೆಯದೆನ್ನುವುದು, ಅರಿಸಿನ ಹಾಕಿ ಪರೀಕ್ಷಿಸುವುದು ಯಾವುದೂ ನಂಬಲರ್ಹವಲ್ಲ. ನರಕ್ಕೆ ಸಂಬಂಧಿಸಿದ್ದೇ ಒಂದು ಉದಾಹರಣೆ ಕೇಳಿ. ಫ್ರಾನ್ಸಿನ ಆಲ್ಪ್ಸ್ ಬೆಟ್ಟದ ಮೋಂಶಾವೆನ್ ಎಂಬ ಸಣ್ಣ ಊರಿನಲ್ಲಿ 1991ರಿಂದ 2019ರೊಳಗೆ 14 ಜನರಿಗೆ, ಸ್ನಾಯುಗಳನ್ನು ಆಡಿಸುವ ನರಕೋಶಗಳೇ ಸತ್ತು ಮೈ ಸೊರಗಿಹೋಗುವ ಅಪರೂಪದ ಕಾಯಿಲೆ ಬಂತು. ಹುಡುಕಿ ನೋಡಿದಾಗ ಎಲ್ಲರೂ ಜೈರೋಮಿಟ್ರಾ ಎಂಬ ಸುಕ್ಕುಗಟ್ಟಿದ ಕಾಡಣಬೆ ತಿನ್ನುವವರಾಗಿದ್ದರು. 2021ರಲ್ಲಿ ಬಂದ ಆ ವರದಿ ಸಂಶಯದ ಬೆರಳನ್ನು ಅದರತ್ತಲೇ ತೋರಿಸಿದೆ. ಅಣಬೆ ಎಂದ ಮಾತ್ರಕ್ಕೆ ನರಕ್ಕೆ ಒಳಿತೆನ್ನುವಂತಿಲ್ಲ.

ನರದ ರಕ್ಷಣೆಯ ಮಾತು ಬಂದದ್ದರಿಂದ ಇದನ್ನೂ ಸೇರಿಸುತ್ತೇನೆ. ಪ್ಯಾರಾಕ್ವಾಟ್ ಕಳೆನಾಶಕ ಬಳಸಿದವರಲ್ಲಿ ಕಂಪವಾತ ಸುಮಾರು ಎರಡೂವರೆ ಪಟ್ಟು ಕಂಡಿತೆಂದು, ಅಮೆರಿಕದಲ್ಲಿ ಔಷಧ ಸಿಂಪಡಿಸುವವರ ಮೇಲೆ ನಡೆದ ಅಧ್ಯಯನವೊಂದು 2011ರಲ್ಲಿ ಹೇಳಿದೆ. ಬರಿಗೈಯಲ್ಲಿ ಕಳೆನಾಶಕ ಕಲಸಿ, ಗಾಳಿಗೆ ಎದುರಾಗಿ ಹೊಡೆದು, ಸಂಜೆ ನರಕ್ಕೆಂದು ಅಣಬೆ ಗುಳಿಗೆ ನುಂಗಿದರೆ ಏನು ಬಂತು? ಕೈಗವಸಿಗೆ ಮೊದಲು ದುಡ್ಡು ಕೊಡಿ.

ಮನೆಯಲ್ಲಿ ಹಿರಿಯರ ಮರೆವು ಹೆಚ್ಚುತ್ತಿದ್ದರೆ ಮಾಡಬೇಕಾದ ಮೊದಲ ಕೆಲಸ ವೈದ್ಯರಿಗೆ ತೋರಿಸುವುದು. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ಕುಂದಿರುವುದು, ಮನೋವೇದನೆ ಇವುಗಳಿಂದಲೂ ಮರೆವು ಬರುತ್ತದೆ. ಇವಕ್ಕೆ ಚಿಕಿತ್ಸೆಯಿದೆ, ಗುಣವಾಗುತ್ತದೆ. ಅಣಬೆ ಪುಡಿ ತಿನ್ನಿಸುತ್ತ ಆರು ತಿಂಗಳು ಕಳೆದರೆ ಗುಣವಾಗುವ ಕಾಯಿಲೆಯನ್ನು ನಾವೇ ಬಲಿಯಲು ಬಿಟ್ಟಂತೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೀಡಿ, ಕುಡಿತ, ಕಿವಿ ಮಂದವಾಗಿರುವುದು, ಕಣ್ಣಿನ ಪೊರೆ ಇಂಥವನ್ನು ಸರಿಪಡಿಸಿಕೊಂಡರೆ ಮರೆಗುಳಿ ರೋಗದ ದೊಡ್ಡ ಪಾಲನ್ನು ತಡೆಯಬಹುದೆಂದು 2024ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಹೇಳಿತು. ಬೆಂಗಳೂರಿನ ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಮಿದುಳು ಆರೋಗ್ಯದ ಕಾರ್ಯಕ್ರಮವನ್ನು ಆರಂಭಿಸಿದೆ; ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಮಿದುಳಿನ ರೋಗ ವಾಸಿಮಾಡುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಕಾನೂನೇ ನಿಷೇಧಿಸಿದೆ. ಪೂರಕ ಆಹಾರವೆಂದು ಮಾರುವ ಡಬ್ಬಿಯ ಮೇಲೆ ‘ಔಷಧೀಯ ಬಳಕೆಗಲ್ಲ’ ಎಂಬರ್ಥದ ಸಾಲನ್ನು ಅಚ್ಚು ಮಾಡಲೇಬೇಕು. ಸಣ್ಣಕ್ಷರದ ಆ ಸಾಲನ್ನು ಓದುವ ಹುಡುಗರಿಂದ ಓದಿಸಿ ಕೇಳಿ.

ಇನ್ನು ಬೆಳೆಯುವ ಮಾತು. ಸಿಂಹದ ಕೇಸರಕ್ಕೆ ಮರದ ಹೊಟ್ಟು, ತೌಡು, ಅದನ್ನು ಒತ್ತಡದ ಹಬೆಯಲ್ಲಿ ಬೇಯಿಸುವ ಯಂತ್ರ, ಕೊಡೆ ಬಿಡುವಾಗ 20 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನ ತಂಪು ಬೇಕು. ಬಯಲುಸೀಮೆಯಲ್ಲಿ ವರ್ಷವಿಡೀ ಅಷ್ಟು ತಂಪು ಬೇಕೆಂದರೆ ಯಂತ್ರದಿಂದಲೇ ಆಗಬೇಕು. ವಿದ್ಯುತ್ತಿನ ಬಿಲ್ಲು ನಿಮ್ಮದು. ಕೊಳ್ಳುವವನು ಒಬ್ಬನೇ, ಅವನೇ ಬೀಜ ಮಾರುವವನು ಎಂದಾಗ ವ್ಯವಹಾರದ ಲಾಭ ಚೀಲ ಮಾರುವುದರಲ್ಲಿಯೇ ಮುಗಿದಿರುತ್ತದೆ. ಮಲೆನಾಡಿನವರಿಗೆ 2003ರ ಸುಮಾರಿನ ವೆನಿಲ್ಲಾ ನೆನಪಿದೆ. 2012ರಲ್ಲಿ ತಮಿಳುನಾಡಿನ ಎಮು ಹಕ್ಕಿಯ ವ್ಯವಹಾರ ಮುಳುಗಿದಾಗ ಸಾಕಿದವರ ಕೈಯಲ್ಲಿ ಉಳಿದದ್ದು ಮೇವಿನ ಸಾಲ ಮಾತ್ರ. ಮರುಖರೀದಿಯ ಕರಾರಿಗೆ ಸಹಿ ಹಾಕುವ ಮುನ್ನ, ಅವರಿಗೆ ಮಾರಿ ಎರಡು ವರ್ಷ ಹಣ ಪಡೆದ ರೈತರ ಮನೆಗೆ ಹೋಗಿ ಬನ್ನಿ. ವಿಳಾಸ ಕೊಡದಿದ್ದರೆ ಮಾತು ಅಲ್ಲಿಗೇ ನಿಲ್ಲಲಿ.

ಚಿಪ್ಪಣಬೆಗೆ ಇದಾವುದೂ ಬೇಡ. ಭತ್ತದ ಹುಲ್ಲು ಸಾಕು. ಅಡಿಕೆ ಹಾಳೆಯೂ ಆದೀತು. ಹುಲ್ಲು ಹೊಸದಿರಬೇಕು, ಮಳೆಗೆ ನೆನೆದು ಕಪ್ಪಾದದ್ದಾಗದು. ಎರಡು ಅಂಗುಲಕ್ಕೆ ಕತ್ತರಿಸಿ ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ, ಬೆಳಿಗ್ಗೆ 80 ಡಿಗ್ರಿಯಷ್ಟು ಕಾದ ನೀರಿನಲ್ಲಿ ಒಂದು ಗಂಟೆ ಇಟ್ಟು, ಬಸಿದು ಆರಿಸಿ. ಮುಷ್ಟಿಯಲ್ಲಿ ಹಿಂಡಿದರೆ ಅಂಗೈ ತೇವವಾಗಬೇಕು, ಹನಿ ಬೀಳಬಾರದು, ಹದ ಇದೇ. ಹೆಚ್ಚಿನವರು ಸೋಲುವುದು ಇಲ್ಲಿಯೇ: ಅವಸರಪಟ್ಟು ಒದ್ದೆ ಹುಲ್ಲು ತುಂಬುತ್ತಾರೆ, ಹಸಿರು ಬೂಷ್ಟು ಹಿಡಿಯುತ್ತದೆ. ಒಂದು ಕಿಲೋ ಒಣಹುಲ್ಲಿಗೆ 100 ಗ್ರಾಂ ಬೀಜದ ಲೆಕ್ಕದಲ್ಲಿ, ಪಾಲಿಥೀನ್ ಚೀಲದಲ್ಲಿ ಒಂದು ಪದರ ಹುಲ್ಲು, ಅಂಚಿನಲ್ಲಿ ಬೀಜ, ಮತ್ತೆ ಹುಲ್ಲು ಹೀಗೆ ಒತ್ತಿ ತುಂಬಿ ಬಾಯಿ ಕಟ್ಟಿ. ಸುತ್ತ ಹತ್ತಾರು ಸಣ್ಣ ತೂತುಗಳಿರಲಿ. ಕತ್ತಲ ಕೋಣೆಯಲ್ಲಿ 15ರಿಂದ 20 ದಿನಗಳಲ್ಲಿ ಹುಲ್ಲೆಲ್ಲ ಬೆಳ್ಳಗೆ ಹೆಣೆದುಕೊಳ್ಳುತ್ತದೆ. ಆಗ ಚೀಲ ಸೀಳಿ ತೆಗೆದು, ಗಾಳಿ ಬೆಳಕು ಬಿಟ್ಟು, ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸಿದರೆ ನಾಲ್ಕೈದು ದಿನಗಳಲ್ಲಿ ಮೊಗ್ಗು, ವಾರದೊಳಗೆ ಕೊಯ್ಲು. ಮೂರು ಕೊಯ್ಲು ಸೇರಿ ಕಿಲೋ ಒಣಹುಲ್ಲಿಗೆ ಅರ್ಧದಿಂದ ಮುಕ್ಕಾಲು ಕಿಲೋ ಅಣಬೆ ಬಂದರೆ ತೃಪ್ತಿಪಡಬೇಕು. ಕೊಡೆಯ ಅಂಚು ಮೇಲಕ್ಕೆ ಮಡಿಚುವ ಮೊದಲೇ ಕೊಯ್ಯಿರಿ. ಬಲಿತರೆ ಹೊಗೆಯಂತೆ ಬೀಜಕಣ ಉದುರಿ ಕೆಮ್ಮು ಬರುತ್ತದೆ. ಕೋಣೆಗೆ ಹೋಗುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಕ್ಷೇಮ. ಮಾರಿ ಉಳಿದದ್ದನ್ನು ಬಿಸಿಲಿಗೆ ಒಣಗಿಸಿ. ಹತ್ತು ಕಿಲೋ ಹಸಿ ಒಣಗಿ ಒಂದು ಕಿಲೋ ಆಗುತ್ತದೆ. ಬಿಸಿಲು ಬಿದ್ದ ಅಣಬೆಯಲ್ಲಿ ಡಿ ಜೀವಸತ್ವವೂ ಕೂಡುತ್ತದೆ.

ಅಣಬೆಯನ್ನು ಮಾಂಸಕ್ಕೆ ಸಮವೆಂದು ಒಲೆಗೆ ತಾಗಿಸದ ಮನೆಗಳು ಬೇಕಾದಷ್ಟಿವೆ. ಅವರನ್ನು ಒತ್ತಾಯಿಸುವುದು ನನ್ನ ಉದ್ದೇಶವಲ್ಲ. ಬೆಳೆದು ಮಾರುವುದಕ್ಕೆ ಅಡ್ಡಿಯಿಲ್ಲವೆಂದು ಎಷ್ಟೋ ಮನೆಯ ಹೆಣ್ಣುಮಕ್ಕಳೇ ಹೇಳುತ್ತಾರೆ.

ನಿಜವಾದ ತೊಡಕು ಬೀಜದ್ದು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಕೃಷಿ ವಿಶ್ವವಿದ್ಯಾಲಯಗಳಲ್ಲಿ ಒಳ್ಳೆಯ ಬೀಜ ಸಿಗುತ್ತದೆ. ಆದರೆ ದೂರದ ತಾಲ್ಲೂಕಿನ ಹೆಣ್ಣುಮಗಳು ಎರಡು ಕಿಲೋ ಬೀಜಕ್ಕಾಗಿ ಬಸ್ಸು ಹತ್ತಿ ಅಲ್ಲಿಗೆ ಹೋಗುವಂತಿಲ್ಲ. ಆ ತೆರಪಿನಲ್ಲಿಯೇ ಚೀಲ ಮಾರುವವರು ನುಗ್ಗುತ್ತಾರೆ. ತಾಲ್ಲೂಕಿಗೊಂದು ಬೀಜದ ಘಟಕವನ್ನು ಸ್ವಸಹಾಯ ಸಂಘಗಳ ಕೈಯಲ್ಲಿ ನಡೆಸಿದರೆ ಈ ಡಬ್ಬಿ ಜಾಹೀರಾತಿಗೆ ಅದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಇಲಾಖೆಯೊಳಗೆ ಇದ್ದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ನೀವೂ ಗ್ರಾಮಸಭೆಯಲ್ಲಿ ಠರಾವು ಮಾಡಿ ಕಳುಹಿಸಿ.

ಅದಾಗುವವರೆಗೆ ನಾಲ್ಕಾರು ಮನೆಯವರು ಸೇರಿ ಬೇಡಿಕೆ ಕೂಡಿಸಿ, ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹದಿನೈದು ದಿನ ಮುಂಚಿತವಾಗಿ ತಿಳಿಸಿ. ಬೀಜ ಕೈಗೆ ಬಂದಾಗ ಹತ್ತಿಯಂತೆ ಬೆಳ್ಳಗಿರಬೇಕು. ಹಸಿರು, ಕಪ್ಪು ಚುಕ್ಕೆಯಿದ್ದರೆ, ಹುಳಿವಾಸನೆ ಬಂದರೆ ಅಲ್ಲಿಯೇ ಹಿಂದಿರುಗಿಸಿ.